ಹಾಲು ಹಾಕಿದ ಚಾಯ

ಬದಿಯಡ್ಕದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಹಳೆ ಮಾರುತಿ 800ರ ಆಯಿಲ್ ಕಡ್ಡಿ ಎಳೆದು ನನ್ನ ಮುಂದೆ ಹಿಡಿದರು. "ನೋಡಿ ಮಾಷ್ಟ್ರೇ, ಹಾಲು ಹಾಕಿದ ಚಾಯ!" ಆಯಿಲಿಗೆ ನೀರು ಸೇರಿದೆ, ಇಂಜಿನಿನ ಮೇಲ್ಮುಚ್ಚಳವಾದ ಹೆಡ್‌ನ ಅಡಿಯಲ್ಲಿ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ. ತಪ್ಪು ನನ್ನದೇ. ಟೆಂಪರೇಚರ್ ಮುಳ್ಳು ಮೇಲೇರಿದ್ದು ಕಂಡರೂ ಕುಂಬಳೆಯಿಂದ ಸುಮ್ನೆ ಓಡಿಸಿಕೊಂಡು ಬಂದಿದ್ದೆ.

ರಿಪೇರಿಯಾ, ಬೇರೆ ಇಂಜಿನ್ನಾ? ಹೆಡ್ ಮಾತ್ರ ಸೊಟ್ಟಗಾಗಿದ್ದರೆ ಲೇತಿನಲ್ಲಿ ಸಪಾಟು ಮಾಡಿಸಿದರೆ ಆಯಿತು. ಸಿಲಿಂಡರಿಗೆ ಗೀರು ಬಿದ್ದಿದ್ದರೆ ಬೋರ್ ಮಾಡಿಸಬೇಕು, ಅಂದರೆ ಒಳಗೋಡೆ ಕೊರೆದು ಅಗಲ ಮಾಡಿಸಬೇಕು, ಪಿಸ್ಟನ್, ರಿಂಗ್ ಎಲ್ಲ ಹೊಸತು. ಖರ್ಚು ಗಾಡಿಯ ಬೆಲೆಗಿಂತ ಜಾಸ್ತಿ! ಗುಜರಿಯ ಇಂಜಿನ್ ಕಮ್ಮಿಗೆ ಸಿಕ್ಕೀತು. ಆದರೆ ಅದರ ಹೊಟ್ಟೆಯೊಳಗೆ ಏನಿದೆಯೋ ಯಾರಿಗೆ ಗೊತ್ತು? ಮತ್ತೆ ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಿಸಲು ಕಾಸರಗೋಡಿಗೆ ಅಲೆದಾಟ ಬೇರೆ.

ಕಳೆದ ತಿಂಗಳು ಅಪ್ಪನ ಮೊಣಕಾಲಿಗೂ ಡಾಕ್ಟರು ಇದೇ ಪ್ರಶ್ನೆ ಕೇಳಿದ್ದರು. "ಇದ್ದದ್ದರಲ್ಲೇ ನಡೆಯಲಿ ಮಾರಾಯ್ರೇ" ಅಂದಿದ್ದರು ಅಪ್ಪ. ನಾನು ಆಗ ಬೈದಿದ್ದೆ.

ಇವತ್ತು ಬಿಚ್ಚಿದ ಹೆಡ್ ಮೇಲೆ ಮೆಕ್ಯಾನಿಕ್ ಸ್ಟೀಲ್ ಪಟ್ಟಿ ಇಟ್ಟರು. ನಡುವೆ ಕೂದಲೆಳೆಯಷ್ಟು ಬೆಳಕು. ಸಿಲಿಂಡರ್ ಗೋಡೆಗೆ ಬೆರಳಾಡಿಸಿದೆ, ನುಣ್ಣಗಿತ್ತು. ಹೆಡ್ ನಾಳೆ ಲೇತಿಗೆ.