ಹಳದಿಗಟ್ಟಿದ ಸೂಪರ್ ನಿಂಟೆಂಡೊ: ಪೆರಾಕ್ಸೈಡ್, ಬಿಸಿಲು ಮತ್ತು ಮಚ್ಚೆಗಳು

1991ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಸೂಪರ್ ನಿಂಟೆಂಡೊ ಎಂಬ ವಿಡಿಯೋ ಗೇಮ್ ಕನ್ಸೋಲ್ ಹೊಸದರಲ್ಲಿ ತಿಳಿ ಬೂದು ಬಣ್ಣದ್ದು. ಈಗ ಕೈಗೆ ಸಿಗುವವುಗಳಲ್ಲಿ ಬಹಳಷ್ಟು ಹಳೇ ದಿನಪತ್ರಿಕೆಯ ಬಣ್ಣಕ್ಕೆ ತಿರುಗಿವೆ. ಎಷ್ಟೋ ಕನ್ಸೋಲ್‌ಗಳಲ್ಲಿ ಮೇಲಿನ ಅರ್ಧ ಕಡು ಹಳದಿ, ಕೆಳಗಿನ ಅರ್ಧ ಇನ್ನೂ ಬೂದು. ಎರಡೂ ಇದ್ದದ್ದು ಒಂದೇ ಕೋಣೆಯಲ್ಲಿ, ಎರಡರ ವಯಸ್ಸೂ ಒಂದೇ. ಅಂದಮೇಲೆ ವ್ಯತ್ಯಾಸ ಇರುವುದು ಬಿಸಿಲಿನಲ್ಲಲ್ಲ, ಪ್ಲಾಸ್ಟಿಕ್‌ನಲ್ಲೇ. ಬೇರೆ ಬೇರೆ ಬ್ಯಾಚಿನ ಪ್ಲಾಸ್ಟಿಕ್‌ನಲ್ಲಿ ಬೆರೆತ ಸಾಮಗ್ರಿಯ ಪ್ರಮಾಣ ಒಂದೇ ಇರುವುದಿಲ್ಲ.

ಆ ಪ್ಲಾಸ್ಟಿಕ್‌ನ ಹೆಸರು ಎಬಿಎಸ್: ಅಕ್ರಿಲೋನೈಟ್ರೈಲ್, ಬ್ಯುಟಾಡೈಯೀನ್, ಸ್ಟೈರೀನ್ ಮೂರೂ ಸೇರಿದ್ದು. ಪೆಟ್ಟು ತಡೆಯಲೆಂದು ಸೇರಿಸಿದ ರಬ್ಬರಿನಂಥ ಬ್ಯುಟಾಡೈಯೀನ್ ಭಾಗವೇ ಇದರ ದುರ್ಬಲ ಜಾಗ. ನೇರಳಾತೀತ ಕಿರಣ, ಶಾಖ, ಗಾಳಿಯ ಆಮ್ಲಜನಕ ಸೇರಿ ಅದರ ಜೋಡಿಬಂಧಗಳನ್ನು ಒಡೆಯುತ್ತವೆ. ಆಗ ಹುಟ್ಟುವ ಹೊಸ ಅಣುರಚನೆಗಳು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ನಮ್ಮ ಕಣ್ಣಿಗೆ ಹಳದಿ ಕಾಣುತ್ತದೆ. ಬೆಂಕಿ ಹತ್ತದಿರಲಿ ಎಂದು ಬೆರೆಸುತ್ತಿದ್ದ ಬ್ರೋಮಿನ್ ಸಂಯುಕ್ತಗಳೇ ಇದಕ್ಕೆ ಕಾರಣ ಎಂಬ ಮಾತು ಮೊದಲಿನಿಂದ ಇದೆ. ಅವುಗಳ ಪಾತ್ರ ಎಷ್ಟೆಂಬುದರ ಬಗ್ಗೆ ಇವತ್ತಿಗೂ ಜಗಳ ನಿಂತಿಲ್ಲ. ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಇಷ್ಟು: ಹಳದಿ ಇರುವುದು ಮೇಲ್ಪದರದಲ್ಲಿ ಮಾತ್ರ, ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆ ಬಣ್ಣದ ರಚನೆಗಳನ್ನು ಮುರಿಯುತ್ತದೆ. 2008ರಲ್ಲಿ ಹಳೇ ಕಂಪ್ಯೂಟರ್ ಹವ್ಯಾಸಿಗಳು ಈ ವಿಧಾನವನ್ನು ಒಂದು ಹದಕ್ಕೆ ತಂದು 'ರೆಟ್ರೋಬ್ರೈಟ್' ಎಂದು ಕರೆದರು. ಅಮಿಗಾ 500, ಕಮಡೋರ್ 64, ಹಳೇ ಮ್ಯಾಕಿಂಟಾಷ್ ಕಂಪ್ಯೂಟರ್‌ಗಳು, ಡ್ರೀಮ್‌ಕಾಸ್ಟ್ ಗೇಮ್ ಕನ್ಸೋಲ್, ಎಲ್ಲಕ್ಕೂ ಇದೇ ಮದ್ದು.

ಮೊದಲು ಅದು ನಿಜವಾಗಿ ಹಳದಿಗಟ್ಟಿದ್ದೇ ಎಂದು ನೋಡಿ. ಸಿಗರೇಟ್ ಹೊಗೆ, ಊದಿನಕಡ್ಡಿ ಹೊಗೆ, ಅಡುಗೆಮನೆಯ ಎಣ್ಣೆಜಿಡ್ಡು ಕೂಡ ಇದೇ ಬಣ್ಣದ ಪದರ ಕಟ್ಟುತ್ತವೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದು ಮೂಲೆ ಉಜ್ಜಿ. ಹತ್ತಿ ಕಂದಾದರೆ ಅದು ಕೊಳೆ, ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಹತ್ತಿ ಬೆಳ್ಳಗೇ ಉಳಿದರೆ ಮುಂದಿನ ಕೆಲಸಕ್ಕೆ ಇಳಿಯಿರಿ. ಅಸಿಟೋನ್, ಥಿನ್ನರ್, ಪೆಟ್ರೋಲ್ ಹತ್ತಿರ ತರಬೇಡಿ. ಎಬಿಎಸ್ ಕರಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಮೆಲಮೈನ್ ಸ್ಪಂಜೂ ಬೇಡ. ಅದು ಸಣ್ಣ ಉಪ್ಪುಕಾಗದವಿದ್ದಂತೆ, ಮೇಲ್ಮೈಯ ತರಿತರಿ ವಿನ್ಯಾಸವನ್ನೇ ಉಜ್ಜಿ ಹಾಕುತ್ತದೆ.

ಕನ್ಸೋಲ್ ಬಿಚ್ಚಲು 4.5 ಮಿ.ಮೀ. ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್ ಬಿಟ್ ಬೇಕು, ತಳದಲ್ಲಿ ಆರು ಸ್ಕ್ರೂ ಇರುತ್ತವೆ. (ಆಟಗಳಿರುವ ಕಾರ್ಟ್ರಿಜ್‌ಗಳಿಗೆ 3.8 ಮಿ.ಮೀ.) ಪ್ಲಾಸ್ಟಿಕ್ ಬಿಟ್ಟು ಉಳಿದದ್ದೆಲ್ಲ ಹೊರಬರಬೇಕು: ಬೋರ್ಡ್, ಲೋಹದ ಶೀಲ್ಡ್, ಎಜೆಕ್ಟ್ ಸನ್ನೆಯ ಸ್ಪ್ರಿಂಗ್, ಕಾರ್ಟ್ರಿಜ್ ಬಾಯಿಯ ಬಾಗಿಲು ಮತ್ತು ಅದರ ಸ್ಪ್ರಿಂಗ್. ಲೋಹ ಒಳಗೇ ಉಳಿದರೆ ಎರಡು ಕೆಡುಕು. ಅದು ತುಕ್ಕು ಹಿಡಿಯುತ್ತದೆ, ಜೊತೆಗೆ ಪೆರಾಕ್ಸೈಡನ್ನು ಒಡೆದು ಅಲ್ಲೇ ಗುಳ್ಳೆ ಎಬ್ಬಿಸಿ ಸುತ್ತ ಮಚ್ಚೆ ಮಾಡುತ್ತದೆ. ಪವರ್ ಮತ್ತು ರಿಸೆಟ್‌ನ ನೇರಳೆ ಗುಂಡಿಗಳನ್ನೂ ತೆಗೆದಿಡಿ. ಬಣ್ಣದ ಪ್ಲಾಸ್ಟಿಕ್ ಈ ಸ್ನಾನದಲ್ಲಿ ಮಾಸಬಹುದು. ತಳದ ಸ್ಟಿಕ್ಕರ್ ನೆನೆದರೆ ಹೋದಂತೆಯೇ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ನಿಧಾನಕ್ಕೆ ಎತ್ತಿ, ಬೇಕಿಂಗ್ ಹಾಳೆಯ ಮೇಲೆ ಅಂಟಿಸಿಡಿ. ಹಳದಿಗಟ್ಟಿದ ಎಬಿಎಸ್ ಪೆಡಸಾಗಿಯೂ ಇರುತ್ತದೆ, ಹಾಗಾಗಿ ಕೊಕ್ಕೆಗಳನ್ನು ಬಲವಂತ ಮಾಡಬೇಡಿ. ಪೆರಾಕ್ಸೈಡ್ ಬಣ್ಣ ತೆಗೆಯುತ್ತದೆ, ಕಳೆದುಹೋದ ಗಟ್ಟಿತನವನ್ನು ಮರಳಿ ಕೊಡುವುದಿಲ್ಲ.

ಪೆರಾಕ್ಸೈಡ್ ಮೂರು ರೂಪದಲ್ಲಿ ಸಿಗುತ್ತದೆ. ಮೆಡಿಕಲ್ ಶಾಪ್‌ನದ್ದು ಸಾಮಾನ್ಯವಾಗಿ 20 ವಾಲ್ಯೂಮ್, ಅಂದರೆ ಸುಮಾರು 6%. ಪಾರ್ಲರ್ ಸಾಮಾನಿನ ಅಂಗಡಿಯ, ಕೂದಲಿಗೆ ಬಣ್ಣ ಹಾಕಲು ಬಳಸುವ ಡೆವಲಪರ್ ಕ್ರೀಮ್ 40 ವಾಲ್ಯೂಮ್, ಅಂದರೆ 12%. ಕೆಮಿಕಲ್ ವ್ಯಾಪಾರಿಗಳ ಹತ್ತಿರ 50%ದ್ದು ಕ್ಯಾನ್‌ನಲ್ಲಿ ಬರುತ್ತದೆ. ದೊಡ್ಡ ಭಾಗ ಮುಳುಗಿಸಲು ಕೊನೆಯದ್ದೇ ಅಗ್ಗ, ಅಪಾಯವೂ ಅದರದ್ದೇ ಹೆಚ್ಚು. ಚರ್ಮಕ್ಕೆ ತಾಗಿದ ಕೂಡಲೇ ಬೆಳ್ಳಗಾಗಿ ಉರಿಯುತ್ತದೆ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಕುತ್ತು. ನೈಟ್ರೈಲ್ ಕೈಗವಸು, ಪಕ್ಕದಲ್ಲೂ ಮುಚ್ಚಿರುವ ಕನ್ನಡಕ ಇಲ್ಲದೆ ಮುಚ್ಚಳ ತೆರೆಯಬಾರದು. ತಾಗಿದರೆ 15 ನಿಮಿಷ ನಲ್ಲಿಯ ಕೆಳಗೆ, ಕಣ್ಣಾದರೆ ಅದರ ನಂತರ ನೇರ ಆಸ್ಪತ್ರೆಗೆ. ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿ ಬಿಸಾಡಬೇಡಿ, ಒಣಗುತ್ತಾ ಹೊತ್ತಿಕೊಳ್ಳಬಹುದು. ನೀರು ಸುರಿದು ತೊಳೆಯಿರಿ. ಅಸಿಟೋನ್ ಜೊತೆ ಬೆರೆತರೆ ಸ್ಫೋಟಕವೇ ತಯಾರಾಗುತ್ತದೆ.

ಸೂಪರ್ ನಿಂಟೆಂಡೊದ ಒಂದು ಅರ್ಧ ಮುಳುಗಲು 10 ಲೀಟರ್ ತುಂಬಿದ ಮೇಲೂ ಭಾಗಕ್ಕೆ ಜಾಗ ಉಳಿಯುವಷ್ಟು ಅಗಲದ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಸಾಕು. ಅದಕ್ಕೆ 8.8 ಲೀಟರ್ ನೀರು ಹಾಕಿ, ಮೇಲಿಂದ 1 ಲೀಟರ್ 50% ಪೆರಾಕ್ಸೈಡ್ ಸುರಿಯಿರಿ. ಒಂದು ಲೀಟರ್ ಸುಮಾರು 1.2 ಕೆಜಿ ತೂಗುತ್ತದೆ, ಅದರಲ್ಲಿ 600 ಗ್ರಾಂ ಪೆರಾಕ್ಸೈಡ್. 10 ಕೆಜಿಗೆ 600 ಗ್ರಾಂ ಎಂದರೆ 6%. ನೀರಿಗೆ ಪೆರಾಕ್ಸೈಡ್, ಪೆರಾಕ್ಸೈಡ್‌ಗೆ ನೀರಲ್ಲ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ದ್ರಾವಣ ಬೇಗ ಸಾಯುತ್ತದೆ, ಹಾಗಾಗಿ ಆರ್‌ಓ ನೀರು ಒಳ್ಳೆಯದು. ಹಳೇ ಬಾಟಲಿಯಲ್ಲಿ ಕಸುವು ಉಳಿದಿದೆಯೇ ಎಂದು ನೋಡಲು ಹೆಚ್ಚಿದ ಆಲೂಗಡ್ಡೆಯ ಮೇಲೆ ಎರಡು ಹನಿ ಬಿಡಿ. ನೊರೆ ಬಾರದಿದ್ದರೆ ಅದು ಬರೀ ನೀರು.

12% ಏಕೆ ಬೇಡ ಎಂದು ಕೇಳುವವರಿದ್ದಾರೆ. ಬೇಗ ಮುಗಿಯುತ್ತದೆ ನಿಜ, ಆದರೆ ತಪ್ಪೂ ಅಷ್ಟೇ ಬೇಗ ಆಗುತ್ತದೆ. ಒಂದೇ ಸಮನಾದ ಹಳದಿಯನ್ನು ಕಣ್ಣು ಒಪ್ಪಿಕೊಂಡೀತು. ಅರ್ಧ ಬೆಳ್ಳಗೆ, ಅರ್ಧ ಹಳದಿ, ನಡುವೆ ಮೋಡದಂಥ ಗೆರೆಗಳಿರುವ ಮುಚ್ಚಳವನ್ನು ಒಪ್ಪುವುದಿಲ್ಲ. ಆ ಗೆರೆಗಳನ್ನು ಸರಿಪಡಿಸುವುದು ಮೂಲ ಹಳದಿಯನ್ನು ತೆಗೆಯುವುದಕ್ಕಿಂತ ಕಷ್ಟ. ಆದ್ದರಿಂದ ಮುಂದಿನ ಹೆಜ್ಜೆಗಳೆಲ್ಲ ವೇಗಕ್ಕಲ್ಲ, ಸಮತೆಗೆ.

ಭಾಗವನ್ನು ಪೂರ್ತಿ ಮುಳುಗಿಸಿ. ಎಬಿಎಸ್ ನೀರಿಗಿಂತ ಸ್ವಲ್ಪವೇ ಭಾರ, ಗುಳ್ಳೆ ಅಂಟಿಕೊಂಡರೆ ಮೇಲೇಳುತ್ತದೆ. ನೀರು ತುಂಬಿದ ಗಾಜಿನ ಬಾಟಲಿಯನ್ನು ಒಳಮೈಯ ಕಡೆ ಹೇರಿ ಒತ್ತಿಡಿ, ಕಾಣುವ ಮೈಗೆ ಏನೂ ತಾಗಬಾರದು. ನೀರಿನಿಂದ ಹೊರಗೆ ಇಣುಕಿದ ಅಂಚಿನಲ್ಲಿ ನೇರ ಗೆರೆಯೊಂದು ಬೀಳುತ್ತದೆ. ಸ್ಕ್ರೂ ಕಂಬಗಳ ಒಳಗೆ, ಗಾಳಿಕಿಂಡಿಗಳ ಕೆಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಓರೆ ಮಾಡಿ ಅದನ್ನು ಬಿಡಿಸಿ. ಆಮೇಲೆ 20–30 ನಿಮಿಷಕ್ಕೊಮ್ಮೆ ಮೃದು ಬ್ರಷ್‌ನಿಂದ ಮೈಮೇಲಿನ ಗುಳ್ಳೆಗಳನ್ನು ಸವರಿ ತೆಗೆಯಿರಿ, ದ್ರಾವಣ ಕಲಕಿ, ಭಾಗವನ್ನು ಕಾಲು ಸುತ್ತು ತಿರುಗಿಸಿ. ಗುಳ್ಳೆ ಕೂತ ಜಾಗಕ್ಕೆ ದ್ರಾವಣ ತಾಗುವುದಿಲ್ಲ, ಅಲ್ಲೊಂದು ಚುಕ್ಕೆ ಉಳಿಯುತ್ತದೆ. ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಕಲೆ ತೆಗೆಯುವ ಪುಡಿಯನ್ನು ಚಿಟಿಕೆ ಸೇರಿಸುವುದು ಹಳೆಯ ಪಾಕದಲ್ಲಿತ್ತು. ಅದು ಕ್ಷಾರೀಯವಾದ್ದರಿಂದ ಪೆರಾಕ್ಸೈಡ್ ಚುರುಕಾಗುವುದು ಹೌದು, ಗುಳ್ಳೆಯೂ ದುಪ್ಪಟ್ಟು. ನನ್ನ ಮತ ಕೇಳಿದರೆ ಬಿಟ್ಟುಬಿಡಿ.

ಬಿಸಿಲಿನ ವಿಷಯದಲ್ಲಿ ಕರ್ನಾಟಕದವರಿಗೆ ಬಡತನವಿಲ್ಲ. ಜನವರಿಯಿಂದ ಮೇ ತನಕ ಬೆಳಿಗ್ಗೆ 10ರಿಂದ 3ರವರೆಗಿನ ತಾರಸಿಯ ಬಿಸಿಲು ಧಾರಾಳ ಸಾಕು. ಮಧ್ಯಮ ಹಳದಿಗೆ 4ರಿಂದ 8 ಗಂಟೆ ಹಿಡಿಯುತ್ತದೆ, ಅದು ಒಂದೇ ದಿನದಲ್ಲಿ ಆಗಬೇಕೆಂದಿಲ್ಲ. ಡಬ್ಬದ ಮೇಲೆ ಕ್ಲಿಂಗ್ ಫಿಲ್ಮ್ ಸಡಿಲವಾಗಿ ಹೊದಿಸಿ, ಬಿಗಿಯಾಗಿ ಮುಚ್ಚಬೇಡಿ. ಹುಟ್ಟುವ ಆಮ್ಲಜನಕಕ್ಕೆ ದಾರಿ ಬೇಕು. ಬಳ್ಳಾರಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಡಬ್ಬದೊಳಗೆ ಥರ್ಮಾಮೀಟರ್ ಇಳಿಬಿಡಿ. 65 ಡಿಗ್ರಿ ಮೀರಿದರೆ ತೆಳು ಭಾಗಗಳು ಸೊಟ್ಟಗಾಗುವ ಅಪಾಯವಿದೆ.

ಮಳೆಗಾಲದಲ್ಲಿ, ಅಥವಾ ಚಳಿಗಾಲದ ಬಿಸಿಲಿಗೆ ಕಸುವಿಲ್ಲದ ದೇಶಗಳಲ್ಲಿ ಇರುವವರಿಗೆ ಶಾಖದ ದಾರಿ ಇದೆ. ಅದೇ 6% ದ್ರಾವಣ, 55–60 ಡಿಗ್ರಿ, 6–8 ಗಂಟೆ, ಬೆಳಕೇ ಬೇಡ. ಎಲ್ಲ ದಿಕ್ಕಿನಿಂದ ಒಂದೇ ಶಾಖ ತಾಗುವುದರಿಂದ ನೆರಳಿನ ಸಮಸ್ಯೆ ಇಲ್ಲ, ಫಲಿತಾಂಶ ಹೆಚ್ಚು ಸಮನಾಗಿ ಬರುತ್ತದೆ. ಪೆರಾಕ್ಸೈಡ್ ಡಬ್ಬವನ್ನು ಬಿಸಿನೀರಿನ ದೊಡ್ಡ ಟಬ್‌ನಲ್ಲಿ ಕೂರಿಸಿ, ಹೊರಗಿನ ನೀರನ್ನು ಮಾತ್ರ ಕಾಯಿಸಿ. ಬಕೆಟ್ ನೀರು ಕಾಯಿಸುವ ಇಮ್ಮರ್ಷನ್ ರಾಡ್ ಇಲ್ಲಿ ಬೇಡವೇ ಬೇಡ: ತಾಪ ಹಿಡಿತದಲ್ಲಿರುವುದಿಲ್ಲ, ಡಬ್ಬಕ್ಕೆ ತಾಗಿದರೆ ತೂತು, ಮುಟ್ಟಿದರೆ ಶಾಕ್. ಅಡುಗೆಯಲ್ಲಿ ನೀರಿನ ತಾಪ ನಿಯಂತ್ರಿಸಲು ಬಳಸುವ ಸೂವೀಡ್ ಸರ್ಕ್ಯುಲೇಟರ್ ಇದ್ದರೆ ಸರಿ. ಇಲ್ಲದಿದ್ದರೆ ಗೀಸರ್ ನೀರನ್ನು ಆಗಾಗ ಬದಲಿಸಿ. ಕಿಟಕಿ ತೆರೆದಿರಲಿ.

ಮುಳುಗಿಸುವ ಬದಲು ಡೆವಲಪರ್ ಕ್ರೀಮ್ ಹಚ್ಚುವ ವಿಧಾನ ಅಗ್ಗ, ಆದರೆ ನಮ್ಮ ಬಿಸಿಲಿಗೆ ಅದು ಒಗ್ಗುವುದಿಲ್ಲ. ಬ್ರಷ್‌ನಿಂದ ಹಚ್ಚಿ ಫಿಲ್ಮ್ ಸುತ್ತಿದರೂ ಅಂಚುಗಳು ಒಣಗುತ್ತವೆ. ಒಣಗಿದಲ್ಲಿ ಗೆರೆ, ಫಿಲ್ಮ್ ಸುಕ್ಕಾದಲ್ಲಿ ಸುಕ್ಕಿನದೇ ಚಿತ್ರ. ಮಾಡಲೇಬೇಕೆಂದರೆ ದಪ್ಪಗೆ ಹಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ಫಿಲ್ಮ್ ಬಿಚ್ಚಿ ಮತ್ತೆ ಹರಡಿ. ಲೇಬಲ್ ತೆಗೆಯಲಾಗದ ಕಾರ್ಟ್ರಿಜ್‌ಗಳಿಗೆ ಮಾತ್ರ ಇದು ಉಪಯೋಗ. ಲೇಬಲ್ ಅಂಚಿನಿಂದ ಎರಡು ಮಿ.ಮೀ. ದೂರ ನಿಲ್ಲಿಸಿ, ಆ ಸಣ್ಣ ಪಟ್ಟಿ ಹಳದಿಯಾಗಿಯೇ ಉಳಿಯಲಿ.

ಎಲ್ಲಿ ನಿಲ್ಲಿಸಬೇಕು? ಮುಚ್ಚಳದ ಒಳಮೈ ಬಣ್ಣವೇ ಅಳತೆಗೋಲು. ಅದರ ಫೋಟೋ ಮೊದಲೇ ತೆಗೆದಿಡಿ. ಒದ್ದೆ ಪ್ಲಾಸ್ಟಿಕ್ ಕಡುವಾಗಿ ಕಾಣುವುದರಿಂದ ಪರೀಕ್ಷೆಗೆ ಪ್ರತಿ ಸಲ ತೊಳೆದು ಒರೆಸಿ, ನೆರಳಿನಲ್ಲಿ ಹೋಲಿಸಿ ನೋಡಬೇಕು. ಒಳಮೈಗಿಂತ ಒಂದು ಛಾಯೆ ಹಳದಿ ಇರುವಾಗಲೇ ಎತ್ತಿಬಿಡಿ. ದಾಟಿದರೆ ಬೂದು ಹೋಗಿ ಸುಣ್ಣ ಬಳಿದಂತೆ ಪುಡಿಪುಡಿ ಬಿಳುಪು ಬರುತ್ತದೆ. ಅದು ಮೇಲ್ಪದರವೇ ಸವೆದ ಗುರುತು, ಮರಳಿ ಬರುವುದಿಲ್ಲ. ಮೇಲಿನ ಅರ್ಧ ಮಾತ್ರ ಹಳದಿಯಾಗಿದ್ದರೆ ಎರಡನ್ನೂ ಒಟ್ಟಿಗೆ ಹಾಕುವ ಆಸೆ ಬೇಡ.

ಕೀಬೋರ್ಡ್‌ಗಳ ಬಗ್ಗೆ ಒಂದಿಷ್ಟು. ಅಕ್ಷರದ ಗುಂಡಿಗಳು ಸುಲಭಕ್ಕೆ ಹಳದಿಗಟ್ಟದ ಪಿಬಿಟಿ ಪ್ಲಾಸ್ಟಿಕ್, ಸ್ಪೇಸ್ ಬಾರ್ ಮಾತ್ರ ಎಬಿಎಸ್ ಎನ್ನುವ ಕೀಬೋರ್ಡ್‌ಗಳು ಸಾಕಷ್ಟಿವೆ. ಉದ್ದನೆಯ ಪಿಬಿಟಿ ಅಚ್ಚಿನಲ್ಲಿ ಬಾಗುತ್ತದೆ, ಅದಕ್ಕೇ ಹೀಗೆ. ಅಂಥದ್ದರಲ್ಲಿ ಸ್ಪೇಸ್ ಬಾರ್ ಒಂದನ್ನೇ ನೆನೆಸಿದರೆ ಮುಗಿಯಿತು, ಅದರ ಅಡಿಯ ಉಕ್ಕಿನ ತಂತಿ ಮೊದಲು ತೆಗೆಯಿರಿ. ಎಲ್ಲ ಗುಂಡಿಯೂ ಎಬಿಎಸ್ ಆಗಿದ್ದರೆ ತರಕಾರಿಯ ಜಾಲರಿ ಚೀಲದಲ್ಲಿ ಹಾಕಿ ಮುಳುಗಿಸಿ. ಮೇಲೆ ಮುದ್ರಿಸಿದ ಅಕ್ಷರಗಳು ಅಳಿಸಬಹುದು. ಸ್ಕ್ರೋಲ್ ಲಾಕ್‌ನಂಥ, ಯಾರೂ ಒತ್ತದ ಗುಂಡಿಯ ಮೇಲೆ ಮೊದಲು ಪ್ರಯೋಗ ಮಾಡಿ. ಎರಡು ಬಣ್ಣದ ಪ್ಲಾಸ್ಟಿಕ್ ಬೆಸೆದು ಮಾಡಿದ ಅಕ್ಷರಗಳು ಅಳಿಸುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಹಳದಿ ಮರಳುತ್ತದೆ, ಕೆಲವು ವರ್ಷಗಳಲ್ಲಿ. ಕತ್ತಲೆ ಪೆಟ್ಟಿಗೆಯಲ್ಲಿಟ್ಟರೂ ಮರಳುತ್ತದೆ, ಏಕೆಂದರೆ ಬೆಳಕಿಲ್ಲದಿದ್ದರೂ ಶಾಖ ಮತ್ತು ಆಮ್ಲಜನಕ ಕೆಲಸ ಬಿಡುವುದಿಲ್ಲ. ಅಟ್ಟಕ್ಕಿಂತ ತಂಪಾದ ಕಪಾಟು ಮೇಲು. ಯುವಿ ತಡೆಯುವ ಲ್ಯಾಕರ್ ಹೊಡೆಯುವವರಿದ್ದಾರೆ. ಅದರಿಂದ ತರಿತರಿ ಮೈ ಹೋಗಿ ಹೊಳಪು ಬರುತ್ತದೆ, ಮುಂದೆ ಮತ್ತೆ ಬಿಳುಪು ಮಾಡಲು ಪೆರಾಕ್ಸೈಡ್ ಒಳಗಿಳಿಯುವುದೂ ಇಲ್ಲ. ಪ್ರತಿ ಸುತ್ತಿನಲ್ಲೂ ಮೇಲ್ಪದರ ಸ್ವಲ್ಪ ಸವೆಯುವುದರಿಂದ, ತಿಳಿ ಹಳದಿ ಒಂದೇ ಸಮನಾಗಿದ್ದರೆ ಅದನ್ನು ಮುಟ್ಟದಿರುವುದೇ ವಾಸಿ.

ಮುಗಿದ ಭಾಗಗಳನ್ನು ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದು, ಸ್ಕ್ರೂ ಕಂಬಗಳೊಳಗಿನ ನೀರು ಕೊಡವಿ, ಒಂದಿಡೀ ದಿನ ಒಣಗಿಸಿದ ಮೇಲೆ ಬೋರ್ಡ್ ಜೋಡಿಸಿ. ಬಳಸಿದ ದ್ರಾವಣವನ್ನು ಧಾರಾಳ ನೀರಿನ ಜೊತೆ ಚರಂಡಿಗೆ ಬಿಡಬಹುದು, ಕೊನೆಗೆ ಅದು ನೀರು ಮತ್ತು ಆಮ್ಲಜನಕವಾಗುತ್ತದೆ. ಉಳಿದ 50%ದ್ದನ್ನು ಅದು ಬಂದ ಕ್ಯಾನ್‌ನಲ್ಲೇ, ಗಾಳಿ ಬಿಡುವ ಅದರದೇ ಮುಚ್ಚಳದೊಂದಿಗೆ, ತಂಪಾದ ಕತ್ತಲೆ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ಎಂದೂ ಸುರಿಯಬೇಡಿ.