ಮೋಟರ್ ಎಲ್ಲಿ ಸಿಗುತ್ತೆ ಸಾರ್?

ಸಿಗಲ್ಲ. ಚಿಕ್ಕಬಳ್ಳಾಪುರದಲ್ಲಿ ಸಿಗಲ್ಲ, ಚಿಂತಾಮಣೀಲೂ ಸಿಗಲ್ಲ. ಮದುವೆ ಮನೆ ಪಂಕ್ತೀಲಿ ಕೂತು ಸಾರನ್ನ ಕಲಸ್ತಾ ಇದ್ರೂ ಪಕ್ಕದ ಎಲೆಯವರು ಬಾಗಿ ಕೇಳ್ತಾರೆ: "ಹಳೇ ಆಟದ ರೈಲಿಗೆ ಮೋಟರ್ ಎಲ್ಲಿ ಸಿಗುತ್ತೆ ಸಾರ್?" ನಮ್ಮನೇಲಿ ನಾಲ್ಕು ಹಳೇ ಇಂಜಿನ್ ಓಡ್ತವೆ, ಅಷ್ಟೇ ನಾನು ಮಾಡಿದ ತಪ್ಪು. ಒಬ್ಬರಂತೂ "ರೈಲ್ವೆ ಸ್ಟೇಷನ್ನಲ್ಲಿ ವಿಚಾರಿಸಿದ್ರಾ?" ಅಂದರು. ತಮಾಷೆಗಲ್ಲ.

ಒಂದೇ ಸಲ ಬರೆದುಬಿಡ್ತೀನಿ. ಮೊದಲು ಇಂಜಿನ್ ತಿರುಗಿಸಿ ಯಾವ ಕಂಪನೀದು ಅಂತ ನೋಡಿ. "ಕಪ್ಪಗಿದೆ" ಅನ್ನೋದು ಉತ್ತರ ಅಲ್ಲ. ಟ್ರೈ-ಆಂಗ್ ಅಥವಾ ಹಳೇ ಹಾರ್ನ್‌ಬಿ ಆದ್ರೆ ಒಳಗೆ ಎಕ್ಸ್04 ಮೋಟರ್ ಇರಬಹುದು. ಅದರ ಬ್ರಷ್ಷು (ಕರೆಂಟು ಮುಟ್ಟಿಸೋ ಕಾರ್ಬನ್ ತುಂಡು), ಸ್ಪ್ರಿಂಗು ಇಂಗ್ಲೆಂಡಿಂದ ಇವತ್ತಿಗೂ ತರಿಸಬಹುದು. ಸಾಮಾನಿಗಿಂತ ಅಂಚೆ ಖರ್ಚೇ ಜಾಸ್ತಿ. ಇಟಲಿಯ ಲಿಮಾ ಆದ್ರೆ, ಆ ಕಂಪನಿ ಮುಳುಗಿ 2004ರಲ್ಲಿ ಹಾರ್ನ್‌ಬಿ ಪಾಲಾಯಿತು. ಅದರ ಚಪ್ಪಟೆ ಮೋಟರ್ ಜಾಗದಲ್ಲಿ ಸಿ.ಡಿ. ಪ್ಲೇಯರಿನ ಪುಟ್ಟ ಮೋಟರ್ ಕೂರಿಸ್ತಾರೆ. ಎಲೆಕ್ಟ್ರಾನಿಕ್ ಸಾಮಾನು ಮಾರೋ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹುಡುಕಿ. ಹಳೇ ಮೋಟರ್ ಕೈಲಿರಲಿ, ಶಾಫ್ಟಿನ ದಪ್ಪ ಅಳೆಯಿರಿ, ವೋಲ್ಟ್ ಕೇಳಿ. ಇವು 12 ವೋಲ್ಟಿನ ಇಂಜಿನ್ನು. ನಾನೊಮ್ಮೆ ಜಾತ್ರೆ ಕಾರಿನ 3 ವೋಲ್ಟ್ ಮೋಟರ್ ಸಿಕ್ಕಿಸಿ 12 ಕೊಟ್ಟೆ. ಇಂಜಿನ್ ಮೇಜಿಂದ ಹಾರಿ ದೇವರಮನೆ ಹೊಸ್ತಿಲಿಗೆ ಬಡೀತು. ಸುಟ್ಟ ವಾಸನೆ ಎರಡು ದಿನ, ಮನೆಯವಳ ಮಾತು ಇನ್ನೂ ಇದೆ.

ಮೋಟರ್ ಎಲ್ಲಿ ಸಿಗುತ್ತೆ ಅಂತ ಎಲ್ಲರೂ ಕೇಳ್ತಾರೆ. ಮೋಟರ್ ನಿಜವಾಗ್ಲೂ ಹೋಗಿದೆಯಾ ಅಂತ ಒಬ್ಬರಾದರೂ ಕೇಳಬಾರದಾ?

ಹೋದ ಡಿಸೆಂಬರಲ್ಲಿ ಬಾಗೇಪಲ್ಲಿಯಿಂದ ಒಬ್ಬರು ಬಸ್ಸಲ್ಲಿ ಬಂದರು. ಬಟ್ಟೆ ಅಂಗಡಿ ಕವರು, ಅದರೊಳಗೆ ಟವಲ್ಲು, ಅದರೊಳಗೆ ಹಳೇ ಟ್ರೈ-ಆಂಗ್. "ಮೋಟರ್ ಸುಟ್ಟೋಗಿದೆ, ಎಷ್ಟಾದ್ರೂ ಆಗ್ಲಿ, ಹೊಸದು ಕೊಡಿಸಿ." ಬಿಚ್ಚಿದೆ. ಗೇರಿನ ಸುತ್ತ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಮೂಸಿದೆ. ಕೊಬ್ಬರಿ ಎಣ್ಣೆ! ಬೆಳಗಿನ ಚಳಿಗೆ ಗಡ್ಡೆ ಕಟ್ಟಿತ್ತು.

"ಅಮ್ಮ ಹಾಕಿದ್ದು. ಹೊಲಿಗೆ ಮಿಷನ್ನಿಗೂ ಅದೇ ಹಾಕ್ತಾರೆ."

ಪಾಪ, ಆ ಮಿಷನ್ನು.

ಚಕ್ರದ ಅಚ್ಚಿಗೆ ಉದ್ದ ಕೂದಲೊಂದು ಸುತ್ತಿಕೊಂಡಿತ್ತು, ಸೂಜಿಯಲ್ಲಿ ಬಿಡಿಸಿದೆ. ಬ್ರಷ್ ಉಜ್ಜುವ ತಾಮ್ರದ ಉರುಳೆಯ ಮೂರು ಸೀಳಲ್ಲೂ ಕಪ್ಪು ಕಾರ್ಬನ್ ಪುಡಿ ತುಂಬಿತ್ತು. ಅದು ತುಂಬಿದ್ರೆ ಕರೆಂಟು ಸುರುಳಿಗೆ ಹೋಗೋ ಬದಲು ಅಡ್ಡದಾರಿ ಹಿಡಿಯುತ್ತೆ, ಮೋಟರ್ ಬಿಸಿಯಾಗಿ ಕೂರುತ್ತೆ. ಹಲ್ಲುಕಡ್ಡಿ ತುದೀಲಿ ಕೆರೆದು, ಸ್ಪಿರಿಟ್ ಬಟ್ಟೇಲಿ ಒರೆಸಿದೆ. ಮ್ಯಾಗ್ನೆಟ್ ಮಾತ್ರ ಮುಟ್ಟಲಿಲ್ಲ. ಕ್ಲೀನ್ ಮಾಡ್ತೀನಿ ಅಂತ ಎಕ್ಸ್04ರ ಮ್ಯಾಗ್ನೆಟ್ಟನ್ನ ಹಾಗೇ ಕಿತ್ತು ಹೊರಗಿಟ್ಟರೆ ಅದರ ಸತ್ವ ಇಳಿದುಹೋಗುತ್ತೆ. ಆಮೇಲೆ ಎಷ್ಟು ಕರೆಂಟು ಕೊಟ್ಟರೂ ಬಿಸಿಯಾಗುತ್ತೆ, ಎಳೆಯಲ್ಲ. ಕೊನೆಗೆ ನಿಜವಾದ ಮಿಷನ್ ಎಣ್ಣೆ, ಒಂದೇ ತೊಟ್ಟು.

ಹಳಿ ಮೇಲಿಟ್ಟೆ. ಸ್ವಲ್ಪ ತಡವರಿಸಿ ಹೊರಟಿತು. ಅವರು ಬಗ್ಗಿ ನಿಂತು ಐದಾರು ಸುತ್ತು ನೋಡಿದರು, ಕಾಫಿ ಆರಿಹೋಯ್ತು. ಅದನ್ನೇ ಕುಡಿದು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಕೇಳಿದರು:

"ಅಲ್ಲಾ ಸಾರ್, ಆದ್ರೂ ಹೊಸ ಮೋಟರ್ ಬೇಕೂಂದ್ರೆ ಎಲ್ಲಿ ಸಿಗುತ್ತೆ?"