ನಕಾದಾದ ಮರಳಿನಲ್ಲಿ ಮಡಕೆಗಳ ಕಾಲಗಣನೆ

ಈಜಿಪ್ಟಿನ ಲಕ್ಸರ್‌ನಿಂದ ನೈಲ್ ನದಿಯ ಪಶ್ಚಿಮ ದಂಡೆಯಲ್ಲೇ ಉತ್ತರಕ್ಕೆ ಸಾಗಿದರೆ, ಕಬ್ಬಿನ ಗದ್ದೆಗಳು ಮುಗಿದು ಮರುಭೂಮಿ ಆರಂಭವಾಗುವ ಅಂಚಿನಲ್ಲಿ ನಕಾದಾದ ಪ್ರಾಚೀನ ಸ್ಮಶಾನಗಳಿವೆ. ಕಾರ್ನಾಕ್ ದೇವಾಲಯದ ಕಂಬಗಳನ್ನು ಕಂಡು ಬಂದವರಿಗೆ ಇಲ್ಲಿ ನೋಡಲು ಏನೂ ಇಲ್ಲವೆನ್ನಿಸಬಹುದು. ಆದರೆ ಫೇರೋಗಳಿಗೂ ಹಿಂದಿನ, ಬರಹವೇ ಇರದ ಕಾಲವನ್ನು ಬರೀ ಮಡಕೆಗಳಿಂದ ಕ್ರಮಕ್ಕೆ ತಂದ ವಿಧಾನಕ್ಕೆ ಈ ಗೋರಿಗಳೇ ಮೂಲವಾದ್ದರಿಂದ, ನನಗೆ ಇದು ಕಾರ್ನಾಕ್‌ಗಿಂತ ಕಡಿಮೆಯ ಸ್ಥಳವಲ್ಲ.

1894–95ರಲ್ಲಿ ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗೋರಿಗಳನ್ನು ಅಗೆಸಿದ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ, ಮೊದಲು ಅವು ಹೊರಗಿನಿಂದ ಬಂದ ಹೊಸ ಜನಾಂಗದವೆಂದೇ ತಿಳಿದಿದ್ದರು. ಅವು ಇತಿಹಾಸಪೂರ್ವ ಕಾಲದವೆಂದು ಗುರುತಿಸಿದವರು ಫ್ರೆಂಚ್ ಪುರಾತತ್ವಜ್ಞ ಜಾಕ್ ಡಿ ಮಾರ್ಗನ್. ಆಮೇಲೆ ಪೆಟ್ರಿ ಸುಮಾರು 900 ಗೋರಿಗಳಿಗೆ ಒಂದೊಂದು ರಟ್ಟಿನ ಪಟ್ಟಿಯಂತೆ ಮಾಡಿ, ಯಾವ ಮಡಕೆಯ ಜೊತೆಗೆ ಯಾವುದು ಸಿಕ್ಕಿತೆಂದು ಬರೆದು, ಪಟ್ಟಿಗಳನ್ನು ಹಿಂದುಮುಂದಾಗಿ ಸರಿಸುತ್ತ ಒಂದು ಅನುಕ್ರಮ ಕಟ್ಟಿದರು. ಅದಕ್ಕೆ ಆಧಾರವಾದದ್ದು ಅಲೆಯಂಥ ಹಿಡಿಕೆಯ ಗಡಿಗೆ: ಆರಂಭದಲ್ಲಿ ಅದು ಗುಂಡು ಹೊಟ್ಟೆಯದು, ಎರಡೂ ಬದಿಗೆ ಬೆರಳಿಗೆ ಸಿಗುವಂತೆ ಚಾಚಿದ ಹಿಡಿಕೆ, ಬರಬರುತ್ತ ಗಡಿಗೆ ಸಪೂರವಾಗಿ, ಹಿಡಿಕೆ ಸವೆದು, ಕೊನೆಗೆ ಕೊಳವೆಯಂಥ ಪಾತ್ರೆಯ ಕತ್ತಿನ ಕೆಳಗೆ ಬರಿಯ ಗೀರಾಗಿ ಉಳಿಯುತ್ತದೆ. ಈ ಅನುಕ್ರಮಕ್ಕೆ ಅವರು 30ರಿಂದ 80ರವರೆಗೆ ಸಂಖ್ಯೆ ಕೊಟ್ಟರು. ಇನ್ನೂ ಹಳೆಯವು ಸಿಕ್ಕಾವೆಂದು 1ರಿಂದ 29ನ್ನು ಖಾಲಿ ಬಿಟ್ಟ ಆ ದೂರದೃಷ್ಟಿಯನ್ನು ಎಷ್ಟು ಮೆಚ್ಚಿದರೂ ಸಾಲದು.

ಬಾಯಂಚು ಕಪ್ಪು, ಮೈ ಕೆಂಪಾದ ಇಲ್ಲಿನ ಮಡಕೆಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಪ್ಪು-ಕೆಂಪು ಮಡಕೆಗಳನ್ನು ನೆನಪಿಸುತ್ತವೆ. ಆದರೆ ನಮ್ಮವು ಸಾವಿರಾರು ವರ್ಷ ಈಚಿನವು; ಬಣ್ಣದ ಹೋಲಿಕೆಯೊಂದರಿಂದಲೇ ನಂಟು ಕಟ್ಟುವುದು ತಪ್ಪು.

ಕಲ್ಲಿನ ಸಾಕ್ಷ್ಯ ಕಂಡದ್ದು ಕೈರೋದ ಮ್ಯೂಸಿಯಂನಲ್ಲಿ. ಗೆಬೆಲ್ ತಾರಿಫ್ ಎಂಬ ಸ್ಥಳದ ಚೂರಿಯ ಹಿಡಿಗೆ ಚಿನ್ನದ ತಗಡು ಹೊದಿಸಿದೆ, ಆದರೆ ಕಾಲ ಹೇಳುವುದು ಅದರ ಚಕಮಕಿ ಕಲ್ಲಿನ ಅಲಗು. ಈ ಬಗೆಯ ಅಲಗನ್ನು ಮೊದಲು ಉಜ್ಜಿ ನುಣುಪಾಗಿಸಿ, ಬಳಿಕ ಒಂದೇ ಮುಖದ ಮೇಲೆ ಒತ್ತಿ ಒತ್ತಿ ತೆಳು ಚಕ್ಕೆಗಳನ್ನು ಸಾಲಾಗಿ ಎಬ್ಬಿಸುತ್ತಿದ್ದರು. ಈ ಕುಶಲತೆ ಈ ಊರಿನ ಹೆಸರನ್ನೇ ಹೊತ್ತ ನಕಾದಾ ಸಂಸ್ಕೃತಿಯ ಮೂರು ಹಂತಗಳಲ್ಲಿ ಎರಡನೆಯದರ ಕೊನೆಗೆ ಸೇರಿದ್ದು.

ಇಷ್ಟಾದರೂ ಪೆಟ್ರಿಯ ಸಂಖ್ಯೆಗಳು ಹಿಂದುಮುಂದನ್ನು ಹೇಳುತ್ತವೆಯೇ ಹೊರತು ವರ್ಷಗಳನ್ನಲ್ಲ. 1920ರ ದಶಕದಲ್ಲಿ ಹೆಮಾಮಿಯೆ ಎಂಬಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಪದರ ಪದರವಾಗಿ ಅಗೆದಾಗ, ನಕಾದಾ ಬಗೆಯ ಮಡಕೆಗಳು ಅದೇ ಕ್ರಮದಲ್ಲಿ ಒಂದರ ಕೆಳಗೊಂದು ದೊರೆತವು, ಅವಕ್ಕೂ ಕೆಳಗೆ, ನಕಾದಾಕ್ಕಿಂತ ಹಳೆಯದಾದ ಬದಾರಿ ಸಂಸ್ಕೃತಿಯವು ಇದ್ದವು. ವರ್ಷಗಳ ಲೆಕ್ಕ ರೇಡಿಯೋಕಾರ್ಬನ್ ಪರೀಕ್ಷೆಯಿಂದ ಬಂತು. ಅದರ ಪ್ರಕಾರ ನಕಾದಾ ಸಂಸ್ಕೃತಿ ಕ್ರಿ.ಪೂ. 4ನೆಯ ಸಹಸ್ರಮಾನದ್ದು.